ಪಕ್ಕದ ಸೀಟಿನ ಮೇಷ್ಟ್ರು

ಕಾರು ಕಲಿಸುವ ಮೇಷ್ಟ್ರಿಗೆ ಕಾರು ಓಡಿಸಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮೇಷ್ಟ್ರು ಸ್ಟೀರಿಂಗ್ ಹಿಡಿದು ಎಷ್ಟು ಕಾಲವಾಗಿತ್ತೆಂದರೆ, ಅದು ಗುಂಡಗಿರುತ್ತದೆ ಎನ್ನುವುದೊಂದೇ ಅವರಿಗೆ ಖಾತ್ರಿಯಾಗಿ ನೆನಪಿದ್ದದ್ದು. ಅವರ ಜಾಗ ಪಕ್ಕದ ಸೀಟು. ಆ ಸೀಟಿನ ಮುಂದೆ, ಕಾಲಿಗೆ ಸಿಗುವ ಹಾಗೆ, ಅವರದೇ ಒಂದು ಬ್ರೇಕು. ತಲೆಗೆ ನೇರವಾಗಿ ಅವರದೇ ಒಂದು ಕನ್ನಡಿ. ಊರಿನ ಅರ್ಧ ಜನ ಆ ಬ್ರೇಕಿದ್ದ ಕಾರಿನ ಒಳಗಿದ್ದು ಬದುಕಿದವರು, ಉಳಿದರ್ಧ ಜನ ಅದರ ಎದುರಿಗೆ ರಸ್ತೆ ದಾಟಿ ಬದುಕಿದವರು. ಬ್ರೇಕ್ ಮೇಷ್ಟ್ರು ಅನ್ನುವ ಹೆಸರು ಹಾಗೆ ಬಂತು.

ಆ ಕಾಲು ಕಾರಿನಿಂದಿಳಿದ ಮೇಲೂ ಕೆಲಸ ಬಿಡುತ್ತಿರಲಿಲ್ಲ. ಹೆಂಡತಿ ತರಕಾರಿ ಹೆಚ್ಚುವಾಗ ಚಾಕು ಬೆರಳಿನ ಹತ್ತಿರ ಬಂದರೆ ಹಾಲಿನಲ್ಲಿ ಕೂತ ಮೇಷ್ಟ್ರ ಕಾಲು ನೆಲ ಒತ್ತುತ್ತಿತ್ತು. ಕ್ಷೌರದಂಗಡಿಯಲ್ಲಿ ಕತ್ತಿ ಕಿವಿಯ ಕಡೆ ತಿರುಗಿದರೆ ಒತ್ತುತ್ತಿತ್ತು. ಮದುವೆಯೊಂದರಲ್ಲಿ ಭಾಷಣಕಾರರು ಮಾತಿನ ಮಧ್ಯೆ ಗಂಡಿನ ಹಳೇ ಸಂಗತಿಯೊಂದನ್ನು ಎತ್ತಲು ಹೊರಟಾಗಲೂ ಒತ್ತಿತಂತೆ. ಬ್ರೇಕು ಹಿಡಿಯಲಿಲ್ಲ.

ಅವರಿಗೊಂದು ನಿಯಮವಿತ್ತು. ಕಲಿಯುವವನು ತಯಾರಾಗಿದ್ದಾನೆ ಎಂದು ತಮಗೆ ಅನ್ನಿಸುವವರೆಗೆ ಅವನನ್ನು ಲೈಸೆನ್ಸ್ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಅತ್ತರೂ ಇಲ್ಲ, ಶಿಫಾರಸು ತಂದರೂ ಇಲ್ಲ. ವರ್ಷಗಳ ಹಿಂದೆ ಸ್ವಂತ ಬಾಮೈದನನ್ನೇ ತಿಂಗಳುಗಟ್ಟಲೆ ತಡೆದಿಟ್ಟಿದ್ದರು. "ಭಾವ, ನಾಳೆ ಪರೀಕ್ಷೆ ಕಟ್ಟಿಬಿಡ್ತೀನಿ" ಅಂತ ಅವನು, "ಹಿಂದೆ ನೋಡೋದು ಕಲಿ ಮೊದಲು" ಅಂತ ಇವರು. ಅತ್ತೆ ಅಳಿಯನ ಜೊತೆ ಮಾತು ಬಿಟ್ಟರು. ಅತ್ತೆ ಮಾತು ಬಿಟ್ಟದ್ದರಿಂದ ಮೇಷ್ಟ್ರು ಇನ್ನಷ್ಟು ಗಟ್ಟಿಯಾದರು ಎಂದು ಹೆಂಡತಿಯ ಆರೋಪ.

ಒಂದು ದಿನ ಡ್ರೈವಿಂಗ್ ಸ್ಕೂಲಿನ ಮಾಲೀಕ ಕಾರು ಮಾರಿ ಯಂತ್ರ ತಂದ. ಪೆಟ್ಟಿಗೆಯಂಥ ಕೋಣೆ, ಒಳಗೊಂದು ಸೀಟು, ಎದುರಿಗೆ ರಸ್ತೆ ತೋರಿಸುವ ಪರದೆ. ತಪ್ಪು ಮಾಡಿದರೆ ಯಂತ್ರವೇ ಬಯ್ಯುತ್ತಿತ್ತು, ಅದೂ ಹೆಣ್ಣು ಧ್ವನಿಯಲ್ಲಿ, ಬಹುವಚನದಲ್ಲಿ.

"ಮೇಷ್ಟ್ರೇ, ನಿಮ್ಮನ್ನ ಇಟ್ಕೊಬೇಕು ಅಂತ ಬಹಳ ಯೋಚನೆ ಮಾಡ್ದೆ," ಅಂದ ಮಾಲೀಕ, ತಲೆ ಕೆರೆಯುತ್ತ. "ಆದ್ರೆ ಇದಕ್ಕೆ ಪಕ್ಕದ ಸೀಟೇ ಇಲ್ಲ."

ಅಂದು ಸಂಜೆಯೇ ಬಾಮೈದ ಮನೆಗೆ ಬಂದ. ಅವನದು ಪ್ಲಾಸ್ಟಿಕ್ ಕುರ್ಚಿಗಳ ಗೋಡೌನು. ಕೈಯಲ್ಲಿ ಒಂದು ನೀಲಿ ಕುರ್ಚಿ, ಕಾಲಿಗೆ ಸುತ್ತಿದ ಕಾಗದವೂ ಬಿಚ್ಚಿರಲಿಲ್ಲ. ಅದನ್ನು ಹಾಲಿನ ಮಧ್ಯೆ ಇಟ್ಟು ಕೈ ಕೊಡವಿಕೊಂಡ.

"ನಿಮ್ಮ ಕುರ್ಚಿ ಭಾವ. ಗೋಡೌನ್ ಬಾಗಿಲ ಹತ್ರ ಹಾಕ್ಕೊಂಡು ಕೂರೋದು, ಒಳಗೆ ಹೋಗೋದು ಹೊರಗೆ ಬರೋದು ನೋಡೋದು. ನಾನು ಹೇಳಿದ ಹಾಗೆ ಕೇಳಿದ್ರೆ ಸಾಕು. ಅಭ್ಯಾಸ ಆಗ್ಲಿ ಅಂತ ಈಗಲೇ ತಂದೆ."

ಕೊನೆಯ ಮಾತಿಗಿಂತ ಅದರ ಹಿಂದಿನ ಮಾತನ್ನು ಅವನು ಸವಿದು ಹೇಳಿದ. ತಿಂಗಳುಗಟ್ಟಲೆ ಕೇಳಿಸಿಕೊಂಡವನಿಗೆ ಹೇಳುವ ಅವಕಾಶ ಸಿಕ್ಕಿತ್ತು.

ಮೇಷ್ಟ್ರು ಕುರ್ಚಿಯನ್ನು ನೋಡಿದರು. ಕಾಲು ನೆಲ ಒತ್ತಿತು. "ನಾನು ಕಂಪ್ಯೂಟರ್ ಕೋಡ್ ಬರೆಯೋದು ಕಲೀತೀನಿ," ಅಂದುಬಿಟ್ಟರು. ಕೋಡ್ ಅಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಬೆಳಗ್ಗೆ ಬಸ್ಸಿನ ಹಿಂಭಾಗದಲ್ಲಿ ಜಾಹೀರಾತು ಓದಿದ್ದರು: ಯಾವ ವಯಸ್ಸಿನಲ್ಲೂ ಹೊಸ ದಾರಿ, ಕೊನೇ ಪರೀಕ್ಷೆಯಲ್ಲೇ ಕೆಲಸ. ದಾರಿ ಅಂತ ಇದ್ದದ್ದರಿಂದ ಮನಸ್ಸಿನಲ್ಲಿ ಉಳಿದಿತ್ತು.

ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಇಡೀ ದಿನ ಊರಿನ ಕಷ್ಟಗಳನ್ನು ಆಯಾ ವಿಭಾಗಕ್ಕೆ ದಾಟಿಸಿ ಮನೆಗೆ ಬರುವವಳು. ಗಂಡನ ಮುಖ, ತಮ್ಮನ ಮುಖ ನೋಡಿ ಒಪ್ಪಂದ ಮಾಡಿಸಿದಳು. "ಕೋರ್ಸ್ ಮುಗೀಲಿ. ಕೊನೇ ಪರೀಕ್ಷೆಯಲ್ಲಿ ಕೆಲಸ ಸಿಕ್ಕಿದ್ರೆ ಸರಿ. ಸಿಗ್ಲಿಲ್ಲ ಅಂದ್ರೆ ಅದರ ಮಾರನೇ ಸೋಮವಾರದಿಂದ ಗೋಡೌನು. ಅಲ್ಲಿವರೆಗೂ ಇಬ್ರೂ ಲೈನಿನಲ್ಲಿರಿ."

ಕುರ್ಚಿ ಹಾಲಿನಲ್ಲೇ ಉಳಿಯಿತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಒಗೆದ ಬಟ್ಟೆಯನ್ನೂ ಹಾಕುತ್ತಿರಲಿಲ್ಲ. ಮೇಷ್ಟ್ರು ಅದನ್ನು ಸುತ್ತಿ, ಸಿಗ್ನಲ್ ಕೊಟ್ಟವರ ಹಾಗೆ, ಅಡುಗೆಮನೆಗೆ ಹೋಗುತ್ತಿದ್ದರು.

ಕೋರ್ಸ್ ನಡೆಯುತ್ತಿದ್ದದ್ದು ಹಾಸಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಮೊದಲು ಅದು ಡಾನ್ಸ್ ಕ್ಲಾಸ್ ಆಗಿತ್ತು. ಮರದ ನೆಲ, ಒಂದಿಡೀ ಗೋಡೆಗೆ ಕನ್ನಡಿ. ಕನ್ನಡಿ ಕಂಡು ಮೇಷ್ಟ್ರಿಗೆ ಅರ್ಧ ಧೈರ್ಯ ಬಂತು. ಕಲಿಸುವವಳು ಸಣ್ಣ ವಯಸ್ಸಿನ ಟೀಚರಮ್ಮ. ಕಲಿಯುವವರೆಲ್ಲ ಒಂದಲ್ಲ ಒಂದು ಕಸುಬು ಕೈಕೊಟ್ಟವರು.

ಮೊದಲ ದಿನ ಎಲ್ಲರೂ ಟಕಟಕ ಶುರುಮಾಡಿದರೆ ಮೇಷ್ಟ್ರ ಕೈ ತೊಡೆಯ ಮೇಲಿಂದ ಏಳಲಿಲ್ಲ. ಏನು ಬರೆಯಬೇಕೆಂದು ಟೀಚರಮ್ಮ ಬೋರ್ಡಿನಲ್ಲಿ ತೋರಿಸಿದ್ದರಿಂದ ತಿಳಿದಿತ್ತು. ಪರದೆಯ ಮುಂದೆ, ಕೀಬೋರ್ಡಿನ ಮುಂದೆ ಕೂತವನು ಚಾಲಕ. ತಾವು ಚಾಲಕನ ಸೀಟಿನಲ್ಲಿದ್ದೇವೆ ಅನ್ನುವುದೇ ಅವರ ಕೈಗೆ ಒಪ್ಪಿಗೆಯಾಗಲಿಲ್ಲ. ಟೀಚರಮ್ಮ ಬಂದು ಬಗ್ಗಿ ನೋಡಿದಳು. "ಸಾರ್, ಶುರು ಮಾಡಿ."

"ಮಾಡಿಸ್ತೀನಮ್ಮಾ. ಯಾರಾದ್ರೂ ಬಂದು ಕೂತ್ಕೊಳ್ಳಲಿ."

ಅವರ ಪುಣ್ಯಕ್ಕೆ ಎರಡನೇ ವಾರದಿಂದ ಜೋಡಿಕೆಲಸ ಬಂತು. ಕೋಡ್ ಬರೆಯುವವರಲ್ಲಿ ಹೀಗೊಂದು ಪದ್ಧತಿಯಿದೆಯೆಂದು ಟೀಚರಮ್ಮ ಹೇಳಿದಳು: ಇಬ್ಬರು ಒಂದೇ ಕಂಪ್ಯೂಟರಿನ ಮುಂದೆ ಕೂರುವುದು, ಒಬ್ಬರು ಟೈಪ್ ಮಾಡುವುದು, ಇನ್ನೊಬ್ಬರು ಪಕ್ಕದಲ್ಲಿ ದಾರಿ ಹೇಳುವುದು. ಟೈಪ್ ಮಾಡುವವರಿಗೆ ಡ್ರೈವರ್ ಅನ್ನುತ್ತಾರಂತೆ. ಮೇಷ್ಟ್ರು ಎದ್ದು ನಿಂತುಬಿಟ್ಟರು. ಇಷ್ಟು ಸುಸಂಸ್ಕೃತವಾದ ಕಸುಬು ಬೇರೊಂದಿಲ್ಲ ಅನ್ನಿಸಿತು.

ಅವರಿಗೆ ಜೋಡಿಯಾದವಳು ಕಟ್ಟುಹಲ್ಲು ಮಾಡುತ್ತಿದ್ದ ಹೆಂಗಸು. ಕ್ಲಾಸಿನಲ್ಲಿ ಎಲ್ಲರಿಗೂ ಹಲ್ಲಕ್ಕ. ಹಲ್ಲನ್ನೂ ಈಗ ಯಂತ್ರವೇ ಕಡೆಯುತ್ತದೆಂದು ಇಲ್ಲಿಗೆ ಬಂದವಳು.

"ಹೂಂ ಅಕ್ಕ, ನಿಧಾನ. ಮುಂದೆ ಒಂದು ತಿರುವಿದೆ. ಬ್ರಾಕೆಟ್ ತೆರಿ. ತೆರೆದ್ಯಾ? ತೆರೆದದ್ದನ್ನ ಮುಚ್ಚಿದ್ಯಾ?"

"ಮೇಷ್ಟ್ರೇ, ಕೆಲಸ ಮಾಡುವಾಗ ಪಕ್ಕದಲ್ಲಿ ಮಾತು ಕೇಳಿ ನಂಗೆ ಅಭ್ಯಾಸ ಇಲ್ಲ. ನನ್ನ ಗಿರಾಕಿಗಳ ಬಾಯಲ್ಲಿ ಹಲ್ಲೇ ಇರ್ತಿರ್ಲಿಲ್ಲ."

ಅವಳು ಎಡವಿದಲ್ಲಿ ಮೇಷ್ಟ್ರ ಕಾಲು ನೆಲವನ್ನು ಒದೆಯುತ್ತಿತ್ತು. ಮರದ ನೆಲ ಧಢಾರ್ ಅನ್ನುತ್ತಿತ್ತು, ಹಲ್ಲಕ್ಕನ ಕೈ ಬೆಂಕಿ ಮುಟ್ಟಿದ ಹಾಗೆ ಕೀಬೋರ್ಡ್ ಬಿಟ್ಟು ಮೇಲೇಳುತ್ತಿತ್ತು, ನೋಡಿದರೆ ಅಲ್ಲಿ ತಪ್ಪಿರುತ್ತಿತ್ತು. ಕೆಳಗಿನಿಂದ ಹಾಸಿಗೆ ಅಂಗಡಿಯವನು ಏದುಸಿರು ಬಿಡುತ್ತ ಬಂದ. "ಡಾನ್ಸ್ ಕ್ಲಾಸ್ ಮುಚ್ಚಿತು ಅಂದ್ರಲ್ಲಮ್ಮಾ? ನನ್ನ ಗಿರಾಕಿ ಮಲಗಿ ನೋಡೋಣ ಅಂತ ಮಲಗಿದ್ರೆ, ಸೂರು ಬಿತ್ತು ಅಂತ ಎದ್ದು ಓಡಿಹೋದ!"

ಅವರಿಬ್ಬರ ಮೊದಲ ಪ್ರೋಗ್ರಾಂ ಬಳಸುವವರಿಗೆ ನಮಸ್ಕಾರ ಹೇಳಬೇಕಿತ್ತು. ಹೇಳುವ ಮೊದಲು ಅದು "ಮುಂದೆ ಹೋಗಲೇ?" ಎಂದು ಕೇಳಿತು. ಹೌದು ಎಂದು ಒತ್ತಿದರೆ "ಹಿಂದೆ ನೋಡಿದಿರಾ?" ಎಂದು ಕೇಳಿತು. ಅದಕ್ಕೂ ಹೌದೆಂದರೆ ನಮಸ್ಕಾರ ಹೇಳಿ ಎಂಜಿನ್ ಆರಿಸಿತು. ಟೀಚರಮ್ಮ ಹುಬ್ಬೇರಿಸಿದಳು, ಆದರೆ ತಪ್ಪು ಅಂತ ಹೇಳುವ ಹಾಗಿರಲಿಲ್ಲ. ದಿನ ಹೋದ ಹಾಗೆ ಆ ಜೋಡಿಯ ಕೆಲಸವೇ ಎಲ್ಲರಿಗಿಂತ ಚೊಕ್ಕಟವಾಯಿತು. ಮೇಷ್ಟ್ರು ಮನೆಯಲ್ಲಿ ಕುರ್ಚಿಯ ಪಕ್ಕದಲ್ಲೇ ನೇರವಾಗಿ ನಡೆದುಹೋಗತೊಡಗಿದರು.

ಆಮೇಲೆ ಒಂದು ಬೆಳಗ್ಗೆ ಟೀಚರಮ್ಮ ಕೊನೇ ಪರೀಕ್ಷೆಯ ವಿಷಯ ಹೇಳಿದಳು. ಪಕ್ಕದ ಬೀದಿಯಲ್ಲಿ ಗೇಟು, ಲಿಫ್ಟು, ತಾನಾಗಿ ತೆರೆಯುವ ಬಾಗಿಲುಗಳಿಗೆ ಬುದ್ಧಿ ತುಂಬುವ ಕಂಪನಿಯೊಂದಿತ್ತು. ಅದರ ಮ್ಯಾನೇಜರು ಶನಿವಾರ ಬಂದು ಕೆಲಸ ನೋಡಿ ಅಲ್ಲೇ ಆರಿಸಿಕೊಳ್ಳುವವರು. ಎಲ್ಲರೂ ಒಬ್ಬೊಬ್ಬರೇ ಕೂತು ಬರೆಯಬೇಕು.

"ಒಬ್ಬೊಬ್ಬರೇ ಅಂದ್ರೆ ಪಕ್ಕದಲ್ಲಿ ಯಾರೂ ಇರಲ್ವಾ?"

"ಇಲ್ಲ ಸಾರ್."

ಮೇಷ್ಟ್ರ ಮುಖ ಪೆಟ್ರೋಲ್ ಮುಗಿದ ಗಾಡಿಯ ಹಾಗಾಯಿತು. ಟೀಚರಮ್ಮನಿಗೆ ಪಾಪ ಅನ್ನಿಸಿತು. ಕೆಲವರು ಮೇಜಿನ ಮೇಲೆ ರಬ್ಬರಿನ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಒಂದೊಂದು ಸಾಲನ್ನೂ ವಿವರಿಸುತ್ತಾರೆ, ಹಾಗೆ ಮಾಡಿದರೆ ತಪ್ಪು ತಾನಾಗಿ ಹೊಳೆಯುತ್ತದೆ, ನೀವೂ ಮಾಡಿ ನೋಡಿ ಎಂದಳು. ಮೇಷ್ಟ್ರು ಗಂಭೀರವಾಗಿ ಯೋಚಿಸಿದರು.

"ಅದಕ್ಕೆ ಕೈ ಎಲ್ಲಿದೆ ಟೀಚರಮ್ಮಾ?"

ಮನೆಯಲ್ಲಿ ಹೆಂಡತಿಯನ್ನು ಕೂರಿಸಿ ನೋಡಿದರು. ಪಕ್ಕದಲ್ಲಿ ಅಭ್ಯಾಸ ಮಾಡುತ್ತ ಮಾಡುತ್ತ ಚಾಲಕನ ಕಡೆಗೆ ಜರುಗಬಹುದೇನೋ ಎಂಬ ಆಸೆ. "ಕನ್ನಡಿ ನೋಡ್ಕೊ. ಹೂಂ, ಈಗ ಒತ್ತು," ಅಂದರು. ಅವಳು ಎರಡು ಸಾಲು ಟೈಪ್ ಮಾಡಿ, ಮೂರನೆಯದಕ್ಕೆ ಅವರು ನೆಲ ಒದ್ದ ಕೂಡಲೇ ಎದ್ದಳು.

"ನೀವು ಸಂಪರ್ಕಿಸಿದ ವ್ಯಕ್ತಿ ಬೇರೆ ಕೆಲಸದಲ್ಲಿದ್ದಾರೆ. ಬೇಕಾದ್ರೆ ನನ್ನ ತಮ್ಮನಿಗೆ ಕೊಡ್ಲಾ?"

ಬೇಡ ಅಂದರು ಮೇಷ್ಟ್ರು. ಹಾಲಿನಲ್ಲಿ ಕುರ್ಚಿ ಮತ್ತೆ ದೊಡ್ಡದಾಗಿ ಕಂಡಿತು. ಅದಕ್ಕೆ ಕೈಗಳಿದ್ದವು ಎಂಬುದನ್ನು ಆಗ ಗಮನಿಸಿದರು.

ಮರುದಿನ ಕ್ಲಾಸಿಗೆ ಹೋಗುವಷ್ಟರಲ್ಲಿ ಎಲ್ಲರೂ ಬೇರೆ ಬೇರೆ ಜಾಗ ಹಿಡಿದು ತಲೆ ತಗ್ಗಿಸಿ ಕೂತಿದ್ದರು. ಉಳಿದದ್ದು ಮೂಲೆಯ ಒಂದೇ ಮೇಜು, ಕನ್ನಡಿ ಗೋಡೆಗೆ ಅಂಟಿಕೊಂಡದ್ದು. ಮೇಷ್ಟ್ರು ಕನ್ನಡಿಗೆ ಭುಜ ತಾಗುವ ಹಾಗೆ ಕೂತು, ಕೈಯನ್ನು ತೊಡೆಯ ಮೇಲಿಟ್ಟು, ಸೋಮವಾರದ ಬಗ್ಗೆ ಯೋಚಿಸತೊಡಗಿದರು. ಆಗ ಕಣ್ಣಂಚಿನಲ್ಲಿ ಏನೋ ಕಂಡಿತು.

ಪಕ್ಕದಲ್ಲಿ ಒಬ್ಬ ಕೂತಿದ್ದ. ಸರಿಯಾಗಿ ಚಾಲಕ ಕೂರುವ ಕಡೆಯಲ್ಲೇ. ವಯಸ್ಸು ಮೀರಿ ಕಲಿಯಲು ಬಂದವನ ಮುಖ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಬಿದ್ದಿತ್ತು. ಬೆನ್ನು ಬಾಗಿಸಿಕೊಂಡು, ಕೈ ಕೆಳಗಿಟ್ಟುಕೊಂಡು, ಏನು ಮಾಡಬೇಕೆಂದು ತಿಳಿಯದೆ ಮೇಷ್ಟ್ರ ಕಡೆ ನೋಡುತ್ತಿದ್ದ. ಇಂಥವರನ್ನು ಮೇಷ್ಟ್ರು ಬೇಕಾದಷ್ಟು ನೋಡಿದ್ದರು.

"ಬೆನ್ನು ನೇರ," ಅಂದರು, ಬಾಯಿ ತಪ್ಪಿ.

ಅವನು ಬೆನ್ನು ನೇರ ಮಾಡಿದ.

"ಕೈ ಮೇಲಿಡು. ಹೆದರಬೇಡ, ಬ್ರೇಕ್ ನನ್ನ ಹತ್ರ ಇದೆ."

ಅವನು ಕೈಯನ್ನು ಕೀಬೋರ್ಡಿನ ಮೇಲಿಟ್ಟ. ಮೇಷ್ಟ್ರು ಬಗ್ಗಿ ನೋಡಿದರೆ, ತಮ್ಮ ಕೈಯೂ ಕೀಬೋರ್ಡಿನ ಮೇಲಿತ್ತು.

ಅವನು ತಾವೇ ಎಂದು ಮೇಷ್ಟ್ರಿಗೆ ತಿಳಿದಿರಲಿಲ್ಲವೆಂದು ಭಾವಿಸಬೇಡಿ. ಚೆನ್ನಾಗಿ ತಿಳಿದಿತ್ತು. ಆದರೆ ಆ ತಿಳಿವಳಿಕೆಯಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಅದು ತಾವೇ ಎಂದುಕೊಂಡರೆ ಕೈ ಏಳುತ್ತಿರಲಿಲ್ಲ, ಬೇರೆ ಅವನು ಎಂದುಕೊಂಡರೆ ಏಳುತ್ತಿತ್ತು. ಮನುಷ್ಯರಲ್ಲಿ ಬಹಳ ಜನ ಇದಕ್ಕಿಂತ ತೆಳುವಾದ ಏರ್ಪಾಡಿನ ಮೇಲೆ ಸಂಸಾರ ನಡೆಸುತ್ತಾರೆ. ಕನ್ನಡಿಯಲ್ಲಿ ಅಕ್ಷರ ತಿರುಗುಮುರುಗಾಗಿ ಕಾಣುವುದೂ ತೊಡಕಾಗಲಿಲ್ಲ. ಹಿಂದೆ ಬರುವ ಗಾಡಿಗಳ ನಂಬರನ್ನು ಹಾಗೆಯೇ ಓದಿ ಓದಿ ಅವರಿಗೆ ಅದೇ ಸರಿಯೆನಿಸುತ್ತಿತ್ತು. ಲ್ಯಾಪ್‌ಟಾಪನ್ನು ತುಸು ಓರೆ ಮಾಡಿಟ್ಟು, ತಾವು ಕನ್ನಡಿ ನೋಡುತ್ತ, ಮೆಲುದನಿಯಲ್ಲಿ ಅವನಿಗೆ ಕಲಿಸಿದರು. ತಪ್ಪಿದಲ್ಲಿ ಕಾಲು ಒದೆಯಿತು. ಅವನ ಕೈ ಗಾಳಿಗೆ ನೆಗೆಯಿತು. ಅಂದು ಸಂಜೆ ಅವನು ಪೂರ್ತಿ ಒಂದು ಪ್ರೋಗ್ರಾಂ ಬರೆದ.

"ಯಾರ ಜೊತೆ ಮಾತಾಡ್ತಿದ್ರಿ ಮೇಷ್ಟ್ರೇ?" ಅಂದಳು ಹಲ್ಲಕ್ಕ, ಬ್ಯಾಗು ಹೆಗಲಿಗೇರಿಸುತ್ತ.

"ಹೊಸಬ. ಪರವಾಗಿಲ್ಲ, ಕೈ ಚೆನ್ನಾಗಿದೆ. ಗಮನ ಸಾಲದು."

ಹಲ್ಲಕ್ಕ ಕನ್ನಡಿಯನ್ನೊಮ್ಮೆ ನೋಡಿದಳು. "ಹಲ್ಲು ತೋರಿಸೋಕೆ ಹೇಳಿ," ಅಂದಳು. ಮೇಷ್ಟ್ರು ನಕ್ಕರು. "ಮೇಲಿನ ಸಾಲು ಸವೆದಿದೆ. ಬಹಳ ಕಚ್ಚಿ ಹಿಡಿಯೋ ಮನುಷ್ಯ," ಎಂದು ಮೆಟ್ಟಿಲಿಳಿದಳು.

ಶನಿವಾರ ಬಾಗಿಲು ಕಂಪನಿಯ ಮ್ಯಾನೇಜರು ಬಂದರು. ಕೊಟ್ಟ ಕೆಲಸ: ಕಾರು ನಿಲ್ಲಿಸುವ ಜಾಗದ ಗೇಟು. ಕಾರು ಬಂದರೆ ಅಡ್ಡಕೋಲು ಏಳಬೇಕು, ದಾಟಿದ ಮೇಲೆ ಇಳಿಯಬೇಕು, ಒಳಗೆ ಜಾಗ ತುಂಬಿದ್ದರೆ ಏಳಬಾರದು. ಕಾರಿನ ವಿಷಯವೆಂದು ತಿಳಿದು ಟೀಚರಮ್ಮ ಮೇಷ್ಟ್ರ ಕಡೆ ಕಣ್ಣು ಮಿಟುಕಿಸಿದಳು. ಮೇಷ್ಟ್ರು ನೋಡಲಿಲ್ಲ. ಅವರು ಕನ್ನಡಿಯವನ ಅಂಗಿಯ ಗುಂಡಿ ಸರಿಪಡಿಸುತ್ತಿದ್ದರು.

ಬರೆಸಿದರು. ಒಂದೆರಡು ಸಲ ನೆಲ ಗುಡುಗಿತು. ಕೆಳಗಿನಿಂದ ಹಾಸಿಗೆಯವನು ಕೋಲಿನಿಂದ ಸೂರು ಕುಟ್ಟಿ ಉತ್ತರ ಕೊಟ್ಟ. ಸಮಯ ಮುಗಿಯುವುದರೊಳಗೆ ಗೇಟು ಸಿದ್ಧವಾಗಿತ್ತು. ಮ್ಯಾನೇಜರು ಬಂದು ನಿಂತು ಪರದೆಯ ಮೇಲೆ ಕಾರು ಬಿಟ್ಟರು. ಕೋಲು ಎದ್ದಿತು. ದಾಟಿಸಿದರು. ಇಳಿಯಿತು. ಜಾಗ ತುಂಬಿಸಿ ಇನ್ನೊಂದು ಕಾರು ಬಿಟ್ಟರು. ಕೋಲು ಅಲ್ಲಾಡಲಿಲ್ಲ. ಮ್ಯಾನೇಜರ ಮುಖ ಅರಳಿತು.

"ಇವತ್ತು ನೋಡಿದ್ದರಲ್ಲೇ ಇದು ಒಳ್ಳೇದು. ಸೋಮವಾರದಿಂದ ಬರಬಹುದಲ್ವಾ? ನಮ್ಮಲ್ಲಿ ಒಂದು ರೂಢಿ. ಕೆಲಸ ಹೇಗಾಗಿದೆ ಅಂತ ಮಾಡಿದವರ ಬಾಯಲ್ಲೇ ಎರಡು ಮಾತು ಕೇಳ್ತೀವಿ. ಚೆನ್ನಾಗಾಗಿದೆ ಅಂದ್ರೆ ಸಾಕು."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಇದು ಅವರಿಗೆ ಪರಿಚಯದ ಘಳಿಗೆ. ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕಲಿಯುವವನ ಕಡೆ ತಿರುಗಿ ಇದ್ದದ್ದು ಇದ್ದ ಹಾಗೆ ಹೇಳುವ ಘಳಿಗೆ.

"ಕೈ ಓಡುತ್ತೆ. ಹೇಳಿದ್ದು ಕೇಳ್ತಾನೆ. ಆದ್ರೆ ಹಿಂದೆ ನೋಡಲ್ಲ ಸಾರ್. ಕೋಲಿನ ಕೆಳಗೆ ಕಾರು ಅರ್ಧಕ್ಕೆ ನಿಂತ್ರೆ ಏನು ಮಾಡ್ಬೇಕು ಅಂತ ಬರೆದೇ ಇಲ್ಲ. ಇವನ ಗೇಟು ಅದರ ತಲೆ ಮೇಲೆ ಇಳಿಯುತ್ತೆ."

ಮ್ಯಾನೇಜರು ಪರೀಕ್ಷಿಸಿದರು. ಇಳಿಯಿತು. "ಅದೇನು ಬಿಡಿ, ಎಲ್ಲರೂ ಮೊದಲು ಮಾಡೋ ತಪ್ಪು. ಸರಿಮಾಡ್ಕೋಬಹುದು. ಆದ್ರೆ ಇವನು ಅಂದ್ರೆ ಯಾರು?"

ಮೇಷ್ಟ್ರು ಕನ್ನಡಿಯತ್ತ ಬೆರಳು ತೋರಿಸಿದರು. ಮ್ಯಾನೇಜರು ಅತ್ತ ನೋಡಿ, ಅಲ್ಲಿ ತಮ್ಮನ್ನು ಕಂಡು, ಕಾರಣವಿಲ್ಲದೆ ಕಾಲರ್ ಸರಿಮಾಡಿಕೊಂಡರು.

ಟೀಚರಮ್ಮ ಓಡಿಬಂದಳು. "ಸಾರ್, ಅವರು ಕೇಳ್ತಿರೋದು ಇಷ್ಟೇ. ತಯಾರಿದ್ದೀರಾ ಅಂತ. ಹೌದು ಅನ್ನಿ. ಒಂದೇ ಮಾತು."

"ನಾನು ತಯಾರೇ ಅಮ್ಮಾ. ಯಾವತ್ತಿಂದಲೋ ತಯಾರು. ಅವನನ್ನ ಒಬ್ಬನೇ ರಸ್ತೆಗೆ ಬಿಡಬಹುದಾ ಅನ್ನೋದು ಪ್ರಶ್ನೆ."

ಅವರು ಕನ್ನಡಿಯವನನ್ನು ನೋಡಿದರು. ಅವನೂ ನೋಡಿದ. ಎಂಥ ನೋಟ ಅಂತೀರಿ! ದಮ್ಮಯ್ಯ ಅನ್ನುವ ನೋಟ. ಅವನ ಹಿಂದೆ, ಕನ್ನಡಿಯ ಆಳದಲ್ಲಿ, ನೀಲಿ ಕುರ್ಚಿಯೊಂದು ಕಂಡ ಹಾಗಾಯಿತು. ಅದರ ಹಿಂದೆ ಗೋಡೌನು, ಕೈ ಕಟ್ಟಿ ನಿಂತ ಬಾಮೈದ. ಒಂದು ಹೌದಿಗೆ ಇದೆಲ್ಲ ಮಾಯವಾಗುತ್ತಿತ್ತು. ಮೇಷ್ಟ್ರ ನಾಲಿಗೆ ಹೌದಿನ ಬಾಗಿಲವರೆಗೂ ಹೋಯಿತು. ಆಗ ಕಾಲು ನೆಲ ಒತ್ತಿತು.

"ತಯಾರಾಗೋ ಮೊದಲು ಸ್ವಂತ ಬಾಮೈದನಿಗೇ ಒಪ್ಪಿಗೆ ಕೊಡಲಿಲ್ಲ ನಾನು," ಅಂದರು ಅವನಿಗೆ, ಬೇಸರದಿಂದ. "ನಿನಗೆ ಹೇಗಪ್ಪಾ ಕೊಡ್ಲಿ?" ಆಮೇಲೆ ಮ್ಯಾನೇಜರ ಕಡೆ ತಿರುಗಿದರು. "ಇನ್ನೂ ಸ್ವಲ್ಪ ಕ್ಲಾಸ್ ಬೇಕು ಸಾರ್. ತಯಾರಾದಾಗ ನಾನೇ ಕರ್ಕೊಂಡು ಬರ್ತೀನಿ."

ಮ್ಯಾನೇಜರಿಗೆ ಇಂಥ ಉತ್ತರಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸರಿ ಎಂದು ತಲೆಯಾಡಿಸಿ, ಮುಂದಿನ ಮೇಜಿಗೆ ಹೋದರು. ಹಲ್ಲಕ್ಕ ತನ್ನ ಗೇಟು ಅದ್ಭುತವಾಗಿದೆ ಎಂದಳು. ಅವಳ ಗೇಟಿನ ಕೋಲೂ ನಿಂತ ಕಾರಿನ ಮೇಲೆಯೇ ಇಳಿಯುತ್ತಿತ್ತು. ಅವಳಿಗೆ ಕೆಲಸವಾಯಿತು.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, ಹಣೆ ಚಚ್ಚಿಕೊಳ್ಳಲು ಕೈಯೆತ್ತಿ, ಎತ್ತಿದ ಕೈಯನ್ನು ಫೋನಿಗೆ ಹಾಕಿದಳು. "ತಗೊಳ್ಳಿ. ನಿಮ್ಮ ಕರೆಯನ್ನು ಗೋಡೌನಿಗೆ ವರ್ಗಾಯಿಸಲಾಗಿದೆ."

ಸೋಮವಾರ ಬೆಳಗ್ಗೆ ಮೇಷ್ಟ್ರು ನೀಲಿ ಕುರ್ಚಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಗೋಡೌನು ಮುಟ್ಟಿದರು. ಬಾಮೈದ ಅಂಗಳದಲ್ಲಿ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ. ಬಾಯಲ್ಲಿ ತಯಾರಿಸಿಟ್ಟ ಮಾತು.

"ಬನ್ನಿ ಭಾವ. ಇಲ್ಲಿ ನಾನು ಹೇಳಿದ ಹಾಗೆ. ಮೊದಲ ಕೆಲಸ, ಈ ವ್ಯಾನಿನಲ್ಲಿ ಕುರ್ಚಿ ಇದೆ, ಆ ಕಡೆ ಮದುವೆ ಹಾಲಿಗೆ ಮುಟ್ಟಿಸಬೇಕು. ಹತ್ತಿ, ಓಡಿಸಿ."

ಮೇಷ್ಟ್ರು ವ್ಯಾನನ್ನು ಸುತ್ತಿ ಬಂದು, ಆ ಕಡೆಯ ಬಾಗಿಲು ತೆರೆದು, ಪಕ್ಕದ ಸೀಟಿನಲ್ಲಿ ಕೂತರು.

"ಅಲ್ಲಲ್ಲ, ಆ ಸೀಟು..."

"ಅದು ನಂಗೆ ಒಗ್ಗಲ್ಲಪ್ಪಾ. ನೀನು ಹತ್ತು."

ಮದುವೆ ಹಾಲಿನವರು ಆಗಲೇ ಫೋನ್ ಮಾಡಿ ಕೂಗಾಡುತ್ತಿದ್ದರು. ಬಾಮೈದ ಗೊಣಗುತ್ತ ಹತ್ತಿದ. ಎಷ್ಟೋ ವರ್ಷದಿಂದ ಯಾರ ಹಂಗಿಲ್ಲದೆ ಗಾಡಿ ಓಡಿಸಿದವನು. ಬಾಗಿಲು ಹಾಕಿಕೊಂಡ, ಕೀಲಿ ತಿರುಗಿಸಿದ, ಪಕ್ಕದಲ್ಲಿ ಭಾವ ಒಮ್ಮೆ ಗಂಟಲು ಸರಿಮಾಡಿಕೊಂಡರು ಅಷ್ಟೆ. ವ್ಯಾನು ಬಿಕ್ಕಳಿಸಿ ನಿಂತುಹೋಯಿತು. ಮತ್ತೆ ತಿರುಗಿಸಿದ. ಮತ್ತೆ ಬಿಕ್ಕಳಿಸಿತು. ಹಿಂದೆ ಕುರ್ಚಿಗಳೆಲ್ಲ ಒಂದರ ಮೇಲೊಂದು ಜಾರಿ ಸದ್ದು ಮಾಡಿದವು.

"ಕ್ಲಚ್," ಅಂದರು ಮೇಷ್ಟ್ರು, ಮೆಲ್ಲಗೆ.

"ಗೊತ್ತು ಭಾವ."

"ಗೊತ್ತಿದ್ರೆ ಒತ್ತು. ಬೆನ್ನು ನೇರ. ಹಿಂದೆ ನೋಡಿದ್ಯಾ?"

"ನೋಡ್ತೀನಿ ಭಾವ," ಅಂದ ಬಾಮೈದ. ಅವನ ಧ್ವನಿ ಆಗಲೇ ತುಂಬ ಹಿಂದಕ್ಕೆ ಹೋಗಿತ್ತು, ತಾಯಿಯ ಹತ್ತಿರ ದೂರು ಹೇಳುತ್ತಿದ್ದ ಕಾಲಕ್ಕೆ.

ವ್ಯಾನು ಹೊರಟಿತು. ಮೇಷ್ಟ್ರು ಒರಗಿ ಕೂತು ಕಿಟಕಿಯಾಚೆ ತಮ್ಮ ಕಡೆಯ ಕನ್ನಡಿಯನ್ನು ಸರಿಪಡಿಸಿಕೊಂಡರು. ಅದರಲ್ಲಿ ಅವನಿದ್ದ. ಶನಿವಾರದಿಂದ ಮುಖ ಊದಿಸಿಕೊಂಡೇ ಇದ್ದ. ತಪ್ಪೇನಿಲ್ಲ, ಫೇಲಾದವರು ಹಾಗೆಯೇ ಇರುತ್ತಾರೆ.

"ಸಂಜೆ ಬಾ," ಅಂದರು ಮೇಷ್ಟ್ರು. "ಕೋಲಿನ ಕೆಳಗೆ ಕಾರು ನಿಂತ್ರೆ ಏನು ಮಾಡ್ಬೇಕು ಅನ್ನೋದರಿಂದ ಶುರು ಮಾಡೋಣ."

"ಯಾರಿಗೆ ಭಾವ? ನಂಗಾ?"

"ನಿಂಗಲ್ಲ. ನೀನು ರಸ್ತೆ ನೋಡು."